ಎಡಗೈ ಕಡೆ ನಿಂತವನು

"ಗುರುಗಳೇ, ನಾನು ಕಟ್ಟಿದ್ದನ್ನು ಇನ್ನೊಬ್ಬರು ಕದಿಯದಂತೆ ಕಾಪಾಡಿಕೊಳ್ಳುವುದು ಹೇಗೆ?"

ಕೇಳಿದವನು ಬಸವಪ್ರಭು. ಒಂಬತ್ತು ವರ್ಷದಿಂದ ಗುರುಗಳ ಬಳಿ ಸಿತಾರ್ ಕಲಿಯುತ್ತಿದ್ದ. ಈಚೆಗೆ ತಾನೇ ಹೊಸ ಗತ್ತುಗಳನ್ನು, ಎಂದರೆ ತಾಳಕ್ಕೆ ಕೂಡಿಸಿದ ಸ್ವರರಚನೆಗಳನ್ನು, ಕಟ್ಟತೊಡಗಿದ್ದ. ಹಿಂದಿನ ವಾರ ಪಕ್ಕದ ಊರಿನ ಕಛೇರಿಯಲ್ಲಿ ಅವನ ಗತ್ತೊಂದನ್ನು ಬೇರೆ ಯಾರೋ ತಮ್ಮದೆಂಬಂತೆ ನುಡಿಸಿದ್ದರು. ಅವನ ಅಭ್ಯಾಸವನ್ನು ದಿನವೂ ಹತ್ತಿರದಿಂದ ಕೇಳುತ್ತಿದ್ದವನು ಒಬ್ಬನೇ, ಜೊತೆಗೆ ತಬಲಾ ನುಡಿಸುವ ಗೆಳೆಯ. ಬರುವ ಭಾನುವಾರದ ಕಛೇರಿಗೆ ಆ ಗೆಳೆಯನನ್ನು ಬಿಟ್ಟು ಬೇರೆಯವರನ್ನು ಕರೆಯುವುದೆಂದು ಬಸವಪ್ರಭು ಆಗಲೇ ತೀರ್ಮಾನಿಸಿಕೊಂಡಿದ್ದ. ಗುರುಗಳು ಹೂಂ ಎನ್ನುವುದೊಂದು ಬಾಕಿ ಇತ್ತು.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು.

"ಒಬ್ಬ ಗಿಟಾರಿನವನ ಕತೆ ಹೇಳುತ್ತೇನೆ. ಜಾಜ್ ಕಟ್ಟುತ್ತಿದ್ದವನು."

ಬಸವಪ್ರಭು ಹುಬ್ಬೇರಿಸಿದ.

"ಯಾಕೆ, ಹುಬ್ಬು ಮೇಲೆ ಹೋಯಿತು? ನಿನ್ನ ಸಿತಾರಿನ ಸ್ವರ ದೇವಲೋಕದಿಂದ ಬಂದದ್ದು, ಅವನ ಗಿಟಾರಿನದು ಸಂತೆಯಿಂದ ಬಂದದ್ದೇ? ಸುಮ್ಮನೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ನಗರದಲ್ಲಿ ಒಬ್ಬ ತರುಣನಿದ್ದ. ಹನ್ನೊಂದನೆಯ ವಯಸ್ಸಿಗೆ ಗಿಟಾರ್ ಹಿಡಿದ. ಹತ್ತೊಂಬತ್ತಕ್ಕೆ ಸ್ವಂತ ಕೃತಿ ಕಟ್ಟಿದ. ಇಪ್ಪತ್ತೆರಡಕ್ಕೆ ತನ್ನದೇ ಮೇಳ ಮಾಡಿಕೊಂಡ. ಮೇಳದಲ್ಲಿ ಮೂವರೇ. ಇವನು, ಡ್ರಮ್ ಬಾರಿಸುವವನೊಬ್ಬ, ಡಬಲ್ ಬಾಸ್ ನುಡಿಸುವ ಮುದುಕನೊಬ್ಬ. ಡಬಲ್ ಬಾಸ್ ಎಂದರೆ ಆಳೆತ್ತರದ ಪಿಟೀಲು ಎಂದುಕೋ. ಅದನ್ನು ನೆಲದ ಮೇಲೆ ನಿಲ್ಲಿಸಿ, ಮೈಗೆ ಒರಗಿಸಿಕೊಂಡು, ಬೆರಳಿನಿಂದ ಮೀಟುತ್ತಾರೆ. ಅದರ ದನಿ ದಪ್ಪ. ಅದು ಇರುವಾಗ ಯಾರೂ ಗಮನಿಸುವುದಿಲ್ಲ, ನಿಂತುಹೋದರೆ ಎಲ್ಲರಿಗೂ ಗೊತ್ತಾಗುತ್ತದೆ.

ಅವರ ಸಂಗೀತದಲ್ಲಿ ಒಂದು ಪದ್ಧತಿ ಇದೆ. ಕೃತಿಯ ಆರಂಭ ಮತ್ತು ಕೊನೆ ಮಾತ್ರ ಮೊದಲೇ ಗೊತ್ತಿರುತ್ತವೆ. ನಡುವಿನದನ್ನು ವೇದಿಕೆಯ ಮೇಲೆಯೇ ಕಟ್ಟಬೇಕು. ಸರದಿಯಂತೆ ಒಬ್ಬೊಬ್ಬರು ಮುಂದೆ ಹೋಗುತ್ತಾರೆ, ಉಳಿದವರು ಕೆಳಗಿನಿಂದ ಹಿಡಿದಿರುತ್ತಾರೆ. ನಮ್ಮಲ್ಲೂ ಹಾಗೆಯೇ ಎನ್ನುತ್ತೀಯೇನೋ. ಪೂರ್ತಿ ಹಾಗಲ್ಲ. ನಮಗೆ ತಂಬೂರಿಯ ಷಡ್ಜ ಇದೆ, ಕಛೇರಿ ಮುಗಿಯುವವರೆಗೆ ಅದು ಕದಲುವುದಿಲ್ಲ. ಅವರಲ್ಲಿ ನೆಲವೇ ಕದಲುತ್ತದೆ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಹಿಡಿದರೆ ಅದಕ್ಕೆ ಕಾರ್ಡ್ ಎನ್ನುತ್ತಾರೆ. ಗಿಟಾರಿನವನು ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಸರಿದರೆ, ಬಾಸಿನವನು ಅದೇ ಕ್ಷಣಕ್ಕೆ ಅಡಿಯ ಸ್ವರವನ್ನು ಅಲ್ಲಿಗೆ ತಂದಿಡಬೇಕು. ತಡವಾದರೆ ಮುಂದೆ ಹೋದವನ ಕಾಲ ಕೆಳಗೆ ಏನೂ ಇರುವುದಿಲ್ಲ.

ಅದಕ್ಕೇ ಕಾರ್ಡುಗಳನ್ನು ಹಾಳೆಯ ಮೇಲೆ ಬರೆದು ಜೊತೆಯವರಿಗೆ ಕೊಡುವ ರೂಢಿ ಇದೆ. ತರುಣನೂ ಮೊದಲ ದಿನ ಬರೆದುಕೊಂಡು ಹೋಗಿದ್ದ. ಮುದುಕ ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ತರುಣನ ಎಡಗಡೆಗೆ ಬಂದು, ಅವನ ಕಡೆಗೆ ಅರ್ಧ ತಿರುಗಿ ನಿಂತ. ನುಡಿಸಲು ಶುರು ಮಾಡಿದ ಮೇಲೆ ಅವನ ಎಡಗೈ ಬೆರಳುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ತರುಣ ಎಲ್ಲಿಗೆ ಹೋದರೂ ಮುದುಕ ಅಲ್ಲಿದ್ದ. ಹಾಳೆಯಲ್ಲಿ ಇಲ್ಲದ ಕಡೆಗೆ ಹೋದರೂ ಇದ್ದ. ತರುಣ ಒಮ್ಮೆ ಬೇಕೆಂದೇ ದಾರಿ ತಪ್ಪಿ ನೋಡಿದ. ಅಲ್ಲಿಯೂ ಇದ್ದ. ತರುಣನಿಗೆ ನಗು ಬಂತು, ಮುದುಕನೂ ನಕ್ಕ. ಅಂದಿನಿಂದ ಹಾಳೆ ಬರೆಯುವುದು ತಪ್ಪಿತು.

ಆಮೇಲೆ ತರುಣನ ಕೃತಿಗಳೇ ಬದಲಾದವು. ಆರಂಭವೊಂದನ್ನು ಮನೆಯಲ್ಲಿ ಕಟ್ಟಿಕೊಂಡು ಬರುವನು. ಉಳಿದದ್ದು ವೇದಿಕೆಯ ಮೇಲೆ ಹುಟ್ಟುವುದು. ಮನೆಯಲ್ಲಿ ಒಬ್ಬನೇ ಕೂತಾಗ ಎಂದೂ ಹೋಗದ ಕಡೆಗೆ ಅಲ್ಲಿ ಬೆರಳು ಹೋಗುವುದು. ಹೋದ ಮೇಲೆಯೇ ತಾನು ಎಲ್ಲಿದ್ದೇನೆಂದು ಅವನಿಗೆ ತಿಳಿಯುವುದು. ಮರುದಿನ ಅದನ್ನು ನೆನಪು ಮಾಡಿಕೊಂಡು ಬರೆದಿಡುವನು, ಅದು ಹೊಸ ಕೃತಿಯಾಗುವುದು. ಹೀಗೆ ಎರಡು ವರ್ಷದಲ್ಲಿ ಹದಿನೇಳು ಕೃತಿಗಳಾದವು. ಧ್ವನಿಮುದ್ರಿಕೆ ಬಂತು. ಪತ್ರಿಕೆಯವರು ಹೊಗಳಿ ಬರೆದರು. ಹೊರದೇಶದ ಸಂಗೀತೋತ್ಸವದಿಂದ ಕರೆ ಬಂತು, ಮೂವರೂ ಹೋಗಿ ನುಡಿಸಿ ಬಂದರು. ಪ್ರಶಸ್ತಿಯೂ ಬಂತು. ಪ್ರಶಸ್ತಿ ಪತ್ರದಲ್ಲಿ ಒಂದೇ ಹೆಸರಿತ್ತು. ಅದರಲ್ಲಿ ತಪ್ಪೇನಿಲ್ಲ, ಕೃತಿ ಕಟ್ಟಿದವನು ಅವನೇ. ಅವನು ಸೊಕ್ಕಿನವನೂ ಆಗಿರಲಿಲ್ಲ. ಅಷ್ಟನ್ನು ಅವನ ಪರವಾಗಿ ಹೇಳಿಬಿಡುತ್ತೇನೆ.

ಒಂದು ಸಂಜೆ ಅವನು ಇನ್ನೊಂದು ಮೇಳದ ಕಾರ್ಯಕ್ರಮಕ್ಕೆ ಕೇಳಲು ಹೋಗಿದ್ದ. ಮೂರನೆಯ ಕೃತಿಯ ನಡುವೆ ಅವನು ತಟ್ಟನೆ ನೆಟ್ಟಗೆ ಕೂತ. ಐದು ಕಾರ್ಡುಗಳ ಒಂದು ತಿರುವು. ಅದು ಅವನದು. ಇನ್ನೂ ಮುದ್ರಿಕೆಯಲ್ಲಿ ಬಂದಿರಲಿಲ್ಲ. ಎರಡೇ ಎರಡು ಕಾರ್ಯಕ್ರಮಗಳಲ್ಲಿ ಅದನ್ನು ನುಡಿಸಿದ್ದ. ಈಗ ಬೇರೆಯವನ ಗಿಟಾರಿನಲ್ಲಿ ಅದು ಆರಾಮವಾಗಿ ಬಂದು ಹೋಯಿತು. ಸಭೆ ಚಪ್ಪಾಳೆ ತಟ್ಟಿತು. ಇವನೂ ತಟ್ಟಿದ.

ಮನೆಗೆ ನಡೆಯುತ್ತಾ ಯೋಚಿಸಿದ. ಆ ತಿರುವನ್ನು ಇನ್ನೂ ಯಾವ ಹಾಳೆಯಲ್ಲೂ ಬರೆದಿಟ್ಟಿಲ್ಲ. ಇರುವುದು ತನ್ನ ಎಡಗೈಯಲ್ಲಿ. ಎಡಗೈಯನ್ನು ಎವೆಯಿಕ್ಕದೆ ನೋಡುವವನು ಒಬ್ಬನೇ. ಆ ಒಬ್ಬ ನಲವತ್ತು ವರ್ಷದಿಂದ ನಗರದ ಎಲ್ಲ ಮೇಳಗಳಲ್ಲೂ ನುಡಿಸಿದವನು, ಎಲ್ಲರ ಮನೆಯಲ್ಲೂ ಚಹಾ ಕುಡಿದವನು. ತರುಣನಿಗೆ ಇಷ್ಟು ಸಾಕಾಯಿತು. ಯಾವ ನೋಟ ಅಂದಿನವರೆಗೆ ಅವನಿಗೆ ಆಸರೆಯಾಗಿತ್ತೋ ಅದೇ ನೋಟ ಈಗ ಕೈಯ ಮೇಲೆ ಹುಳ ಹರಿದಂತೆ ಆಗತೊಡಗಿತು.

ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಇದು ಮರ್ಯಾದಸ್ಥರು ಮಾಡುವ ತಪ್ಪು. ಬಾಯಿ ಬಿಟ್ಟು ಕೇಳಿದರೆ ಎದುರಿನವನಿಗೆ ನೋವಾದೀತೆಂದು ಹಿಂಜರಿಯುತ್ತಾರೆ, ಕೇಳದೆಯೇ ಶಿಕ್ಷೆ ಕೊಡುತ್ತಾರೆ.

ಮುಂದಿನ ಕಾರ್ಯಕ್ರಮದಲ್ಲಿ ಅವನು ಬಲಕ್ಕೆ ತಿರುಗಿ, ಡ್ರಮ್ಮಿನವನ ಕಡೆ ಮುಖ ಮಾಡಿ ನಿಂತ. ಮುದುಕನಿಗೆ ಅವನ ಬೆನ್ನು ಕಂಡಿತು. ಗಿಟಾರಿನ ಕತ್ತಿನ ಹಿಂಭಾಗ ಕಂಡಿತು. ಎಡಗೈಯ ಹೆಬ್ಬೆರಳೊಂದು ಕಂಡಿತು. ಬೆರಳುಗಳು ಕಾಣಲಿಲ್ಲ. ಹಳೆಯ ಕೃತಿಗಳನ್ನು ಮುದುಕ ನೆನಪಿನಿಂದ ನುಡಿಸಿದ. ನಡುವೆ ತರುಣ ಹೊಸ ಕಡೆಗೆ ಹೊರಟಾಗ ಹೆಬ್ಬೆರಳನ್ನೇ ನೋಡಿಕೊಂಡು ಹಿಂದೆ ಹಿಂದೆ ಬಂದ. ಎರಡು ಕಡೆ ತಡವಾಯಿತು. ಒಂದು ಕಡೆ ತಪ್ಪು ಸ್ವರವೇ ಬಿತ್ತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು.

ಮುಗಿದ ಮೇಲೆ ಮುದುಕ ಹತ್ತಿರ ಬಂದ.

"ಸ್ವಲ್ಪ ಈ ಕಡೆ ತಿರುಗಿ ನಿಂತ್ಕೊ ಮರಿ. ಕೈ ಕಾಣ್ಲಿಲ್ಲ."

ಆ ಮಾತು ತರುಣನಿಗೆ ಕಳ್ಳನ ಬಾಯಿಂದಲೇ ಬಂದ ತಪ್ಪೊಪ್ಪಿಗೆಯಂತೆ ಕಂಡಿತು.

"ನುಡಿಸೋಕೆ ನನ್ನ ಕೈ ಯಾಕೆ ನೋಡ್ಬೇಕು? ಕಿವಿ ಇಲ್ವಾ ನಿಮಗೆ?"

ಮುದುಕ ಅವನ ತುಟಿಗಳನ್ನೇ ನೋಡುತ್ತಿದ್ದ. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ವಾದ್ಯದ ಕಡೆಗೆ ಹೋದ.

ಇನ್ನೂ ಎರಡು ಕಾರ್ಯಕ್ರಮ ಹಾಗೆಯೇ ನಡೆದವು. ಎರಡನೆಯದು ದೊಡ್ಡ ಸಭೆ. ಅಲ್ಲಿ ಕೃತಿಯೊಂದು ನಡುವೆಯೇ ಕುಸಿಯಿತು. ಮೂವರೂ ನಿಲ್ಲಿಸಿ ಮೊದಲಿನಿಂದ ಶುರು ಮಾಡಬೇಕಾಯಿತು. ಮಾರನೆಯ ದಿನ ತರುಣ ಮುದುಕನನ್ನು ಕರೆದು, ತಮಗೂ ವಯಸ್ಸಾಯಿತು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮೆತ್ತಗೆ ಹೇಳಿದ. ಕಳವಿನ ಮಾತು ಎತ್ತಲಿಲ್ಲ. ತಾನು ಬಹಳ ದೊಡ್ಡ ಮನಸ್ಸು ಮಾಡಿದೆನೆಂದು ಅವನಿಗೆ ಅನಿಸಿತು.

ಮುದುಕ ವಾದ್ಯಕ್ಕೆ ಗವಸು ಹಾಕಿದ. ಹೋಗುವ ಮುನ್ನ ತರುಣನ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಇದು ಜೋಪಾನ," ಎಂದ.

ತರುಣ ಕೈ ಬಿಡಿಸಿಕೊಂಡ.

ಮುದುಕನ ಜಾಗಕ್ಕೆ ಬಂದವನು ಚೆನ್ನಾಗಿ ಕಲಿತವನು. ಹಾಳೆ ಕೊಟ್ಟರೆ ಒಂದು ಸ್ವರವೂ ತಪ್ಪುತ್ತಿರಲಿಲ್ಲ. ಅವನ ಕಿವಿಯೂ ಚುರುಕು. ಹಾಳೆಯಲ್ಲಿ ಇಲ್ಲದ ಕಡೆಗೆ ತರುಣ ಹೋದರೆ ಅವನು ಕೇಳಿ, ಗುರುತು ಹಿಡಿದು, ಅಲ್ಲಿಗೆ ಬರುತ್ತಿದ್ದ. ಆದರೆ ಕೇಳಿ ಬರುವವನು ಎಷ್ಟು ಚುರುಕಾದರೂ ಕೂದಲೆಳೆಯಷ್ಟು ಹಿಂದೆಯೇ. ಅಷ್ಟು ಹೊತ್ತು ತರುಣ ಒಬ್ಬನೇ ನಿಂತಿರಬೇಕಾಗುತ್ತಿತ್ತು. ಒಮ್ಮೆ ನಿಂತ. ಹತ್ತು ಸಲ ನಿಂತ. ಆಮೇಲೆ ಬೆರಳು ತಾನಾಗಿಯೇ ಹುಷಾರಾಯಿತು. ಅವನಿಗೆ ಹೇಳದೆ ಕೇಳದೆ, ಹಾಳೆಯಲ್ಲಿ ಬರೆದಲ್ಲಿಗೆ ಮಾತ್ರ ಹೋಗತೊಡಗಿತು.

ಅವನು ಕೃತಿಗಳನ್ನು ಕಟ್ಟುತ್ತಲೇ ಇದ್ದ. ಮೇಜಿನ ಮುಂದೆ ಕೂತು ಕಟ್ಟುತ್ತಿದ್ದ. ನಾಲ್ಕು ವರ್ಷದಲ್ಲಿ ಇನ್ನೆರಡು ಮುದ್ರಿಕೆಗಳು ಬಂದವು. ಇವನೀಗ ಮಾಗಿದ್ದಾನೆ ಎಂದು ಪತ್ರಿಕೆಯವರು ಬರೆದರು. ಸಭೆಗಳು ತುಂಬುತ್ತಿದ್ದವು. ಏನೋ ಕಡಿಮೆಯಾಗಿದೆ ಎಂದು ಯಾರಿಗೂ ಅನಿಸಲಿಲ್ಲ, ಅವನೊಬ್ಬನನ್ನು ಬಿಟ್ಟು. ಅವನಿಗೆ ಗೊತ್ತಿತ್ತು. ಹೊಸದೆಂದು ಕಟ್ಟಿದ್ದರೊಳಗೆಲ್ಲ ಆ ಹದಿನೇಳು ಕೃತಿಗಳೇ ಬೇರೆ ಅಂಗಿ ತೊಟ್ಟು ಕೂತಿದ್ದವು. ಗಿಟಾರ್ ಬದಲಿಸಿದ. ಅಭ್ಯಾಸದ ಕೋಣೆ ಬದಲಿಸಿದ. ದಿನಕ್ಕೆ ನಾಲ್ಕು ತಾಸು ಕೂರುತ್ತಿದ್ದವನು ಎಂಟು ತಾಸು ಕೂತ. ಬೆರಳುಗಳು ಇನ್ನೂ ಚೆನ್ನಾಗಿ ಓಡಿದವು. ಹೋಗುವ ಊರು ಮಾತ್ರ ಅದೇ.

ಒಂದು ಮಧ್ಯಾಹ್ನ, ಅಭ್ಯಾಸದ ನಡುವೆ, ಅವನು ಗಿಟಾರನ್ನು ಮಡಿಲಿನಿಂದ ಕೆಳಗಿಟ್ಟ. ಕೋಣೆಯಲ್ಲಿ ಡ್ರಮ್ಮಿನವನೊಬ್ಬನೇ ಇದ್ದ. ಅವನು ಮೊದಲ ದಿನದಿಂದ ಜೊತೆಗಿದ್ದವನು.

"ಮೊದ್ಲಿನ ಹಾಗೆ ಯಾಕೆ ಬರ್ತಿಲ್ಲ?" ಎಂದು ತರುಣ ಕೇಳಿದ.

"ಆ ಮನುಷ್ಯ ಇಲ್ವಲ್ಲ."

"ಯಾರು, ಮುದುಕಪ್ಪನಾ? ಕೊನೆಕೊನೆಗೆ ಅವರಿಗೆ ಕಿವೀನೇ ಸರಿ ಕೇಳ್ತಿರ್ಲಿಲ್ಲ."

ಡ್ರಮ್ಮಿನವನು ಕೋಲುಗಳನ್ನು ಪಕ್ಕಕ್ಕಿಟ್ಟ. "ಕೊನೆಗಲ್ಲ. ನಿನ್ನ ಜೊತೆ ಸೇರೋ ಮೊದ್ಲೇ ಹೋಗಿತ್ತು. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ರು. ಕಿವುಡನ್ನ ಯಾರು ಕರೀತಾರೆ?"

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಬಾಸಿನ ದಪ್ಪ ದನಿ ಮುದುಕನಿಗೆ ಮೈಯಿಂದ ತಿಳಿಯುತ್ತಿತ್ತು, ವಾದ್ಯ ಎದೆಗೇ ಒರಗಿರುತ್ತಿತ್ತಲ್ಲ. ಡ್ರಮ್ಮಿನ ಪೆಟ್ಟು ವೇದಿಕೆಯ ಹಲಗೆಯಿಂದ ಅಂಗಾಲಿಗೆ ಬರುತ್ತಿತ್ತು. ಗಿಟಾರಿನ ಸಣ್ಣ ದನಿ ಯಾವ ದಾರಿಯಿಂದಲೂ ಬರುತ್ತಿರಲಿಲ್ಲ. ಅದಕ್ಕೇ ಬೆರಳು ನೋಡುತ್ತಿದ್ದ. ತರುಣನ ಕೃತಿಯ ಒಂದು ಸ್ವರವನ್ನೂ ಅವನು ಎಂದೂ ಕೇಳಿದವನಲ್ಲ.

"ನೀನು ಯಾಕೆ ಆ ಕಡೆ ತಿರುಗಿ ನಿಂತೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ," ಎಂದ ಡ್ರಮ್ಮಿನವನು.

ತರುಣ ಐದು ಕಾರ್ಡುಗಳ ವಿಷಯ ಹೇಳಿದ. ಡ್ರಮ್ಮಿನವನು ತಲೆಯಾಡಿಸಿದ. "ಎರಡು ಸಭೇಲಿ ನುಡಿಸಿದ್ದೆ. ಒಂದೊಂದು ಸಭೇಲೂ ಮುನ್ನೂರು ಜನ ಕೂತಿದ್ರು. ಯಾರು ಕೇಳಿಸ್ಕೊಂಡು ಹೋದ್ರೋ ಯಾರಿಗ್ಗೊತ್ತು? ಅದನ್ನ ಕೇಳಿಸ್ಕೊಳ್ದೇ ಇದ್ದೋರು ಅಲ್ಲಿ ಅವರೊಬ್ಬರೇ."

ತರುಣನಿಗೆ ಆಗ ಅರ್ಥವಾಯಿತು. ಸ್ವರ ಹುಟ್ಟಿದ ಮೇಲೆ ಕಿವಿಗೆ ಬರುತ್ತದೆ. ಆದರೆ ಸ್ವರ ಹುಟ್ಟುವ ಮೊದಲು ಬೆರಳು ಒಂದು ತಂತಿಯನ್ನು ಬಿಟ್ಟು ಇನ್ನೊಂದರ ಕಡೆಗೆ ಹೊರಟಿರುತ್ತದೆ. ಮುದುಕ ನೋಡುತ್ತಿದ್ದದ್ದು ಆ ಹೊರಡುವುದನ್ನು. ಅದಕ್ಕೇ ಅವನು ಎಂದೂ ಹಿಂದುಳಿಯಲಿಲ್ಲ. ತಾನು ಎಲ್ಲಿ ಕಾಲಿಟ್ಟರೂ ಅಲ್ಲಿ ನೆಲ ಸಿಗುತ್ತಿತ್ತು. ಆ ಧೈರ್ಯಕ್ಕೆ ತರುಣ ತನ್ನ ಪ್ರತಿಭೆ ಎಂದು ಹೆಸರಿಟ್ಟುಕೊಂಡಿದ್ದ. ಕಿವಿ ಇಲ್ವಾ ಎಂದು ತಾನೇ ಕೇಳಿದ್ದೆ ಎಂಬುದನ್ನು ನೆನೆದು, ಕೋಣೆಯಲ್ಲಿ ಕೂರಲಾರದೆ, ಗಿಟಾರ್ ಹೆಗಲಿಗೆ ಹಾಕಿಕೊಂಡು ಮುದುಕನ ಮನೆಗೆ ಹೊರಟ.

ಮುದುಕ ಮನೆಯ ಜಗಲಿಯಲ್ಲಿ ಕೂತು ಹಳೆಯ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದ. ತರುಣನನ್ನು ಕಂಡು ಮುಖ ಅರಳಿತು. ಸಿಟ್ಟಿನ ಒಂದು ಗೆರೆಯೂ ಅಲ್ಲಿರಲಿಲ್ಲ. ತರುಣನಿಗೆ ಅದೇ ಹೆಚ್ಚು ಸಂಕಟವಾಯಿತು. ಎದುರಿಗೆ ಕೂತು, ತುಟಿಗಳು ಕಾಣುವಂತೆ ನಿಧಾನವಾಗಿ, ತಾನು ಏನು ಸಂಶಯಪಟ್ಟೆ, ಏನು ಮಾಡಿದೆ ಎಂಬುದನ್ನೆಲ್ಲ ಬಿಡದೆ ಹೇಳಿದ. ಮತ್ತೆ ಮೇಳಕ್ಕೆ ಬನ್ನಿ ಎಂದು ಬೇಡಿಕೊಂಡ.

"ಅದೆಲ್ಲ ಇರ್ಲಿ. ನುಡಿಸು, ನೋಡೋಣ," ಎಂದ ಮುದುಕ.

ತರುಣ ಗಿಟಾರ್ ತೆಗೆದು, ಎಡಗೈ ಪೂರ್ತಿ ಕಾಣುವಂತೆ ತಿರುಗಿ ಕೂತು ನುಡಿಸಿದ. ಆರಂಭ ಮುಗಿಸಿ ನಡುವಿಗೆ ಬಂದ. ಗೊತ್ತಿಲ್ಲದ ಕಡೆಗೆ ಹೋಗಬೇಕೆಂದು ಮನಸ್ಸು ಮಾಡಿದ, ಬೆರಳು ಗೊತ್ತಿರುವ ಕಡೆಗೇ ಇಳಿಯಿತು. ಮತ್ತೆ ಯತ್ನಿಸಿದ. ಮತ್ತೆ ಅಲ್ಲಿಗೇ. ಮುದುಕ ಬೆತ್ತವನ್ನು ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದ. ಕೊನೆಗೆ ಕೈ ಎತ್ತಿದ.

"ನಿಲ್ಸು ಮರಿ. ಮುಂದೆ ಎಲ್ಲಿಗೆ ಹೋಗ್ತೀಯ ಅಂತ ಈಗ ನನಗೆ ಮೊದ್ಲೇ ಗೊತ್ತಾಗ್ತಿದೆ. ಆವಾಗ ನಿನಗೇ ಗೊತ್ತಿರ್ತಿರ್ಲಿಲ್ಲ."

ತರುಣ ಗಿಟಾರಿನ ಮೇಲೆ ತಲೆಯಿಟ್ಟು ಅತ್ತ. ಮುದುಕ ಅವನ ಬೆನ್ನು ಸವರಿದ. ಒಳಗೆ ಹೋಗಿ ಬಾಸನ್ನು ತಂದ, ಸಡಿಲವಾಗಿದ್ದ ತಂತಿಗಳನ್ನು ಬಿಗಿದ. ಇಬ್ಬರೂ ಸಂಜೆಯಾಗುವವರೆಗೆ ನುಡಿಸಿದರು. ಪ್ರತಿಯೊಂದು ಸ್ವರವೂ ಅದರದರ ಜಾಗದಲ್ಲಿಯೇ ಬಿತ್ತು.

ಆಮೇಲೆ ತರುಣ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದ. ಮುದುಕ ಬದುಕಿರುವವರೆಗೆ ತಪ್ಪಿಸಲಿಲ್ಲ. ಇಬ್ಬರೂ ಎದುರುಬದುರು ಕೂತು ನುಡಿಸುವರು. ಮುದುಕ ಬೆರಳು ನೋಡುವನು. ತರುಣ ಕಾಯುವನು. ಬೆರಳು ಕಲಿತ ದಾರಿಯಲ್ಲಿಯೇ ಹೋಗಿ ಕಲಿತ ದಾರಿಯಲ್ಲಿಯೇ ಮರಳುವುದು. ನಗರದಲ್ಲಿ ಅವನಿಗೆ ಇಂದಿಗೂ ಒಳ್ಳೆಯ ಹೆಸರಿದೆ.

ಗುರುಗಳು ಕತೆ ನಿಲ್ಲಿಸಿದರು. ತಂಬೂರಿಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡು ತಂತಿಯ ಶ್ರುತಿ ನೋಡತೊಡಗಿದರು.

ಬಸವಪ್ರಭುವಿನ ಮನಸ್ಸಿನಲ್ಲಿ ಪಕ್ಕದ ಊರಿನ ಕಛೇರಿ ಇನ್ನೂ ನಡೆಯುತ್ತಿತ್ತು. ತಡೆಯಲಾರದೆ ಕೇಳಿದ.

"ಎಲ್ಲ ಸರಿ ಗುರುಗಳೇ. ಆದರೆ ಆ ಐದು ಕಾರ್ಡುಗಳನ್ನು ಕದ್ದವನು ಯಾರು? ಅದನ್ನು ನೀವು ಹೇಳಲೇ ಇಲ್ಲ."

ಗುರುಗಳು ತಂತಿಯ ಮೇಲಿನ ಬೆರಳು ತೆಗೆಯದೆ ಅವನನ್ನು ನೋಡಿದರು.

"ಕಳ್ಳ ಒಯ್ದದ್ದು ಮರುದಿನವೂ ಆ ತರುಣನ ಕೈಯಲ್ಲೇ ಇತ್ತು ಪ್ರಭು, ಯಾರೂ ಒಯ್ಯದದ್ದು ಮಾತ್ರ ಹೋಯಿತು."